ಅಕ್ಕನ ಹೂಜಿಯ ಅಲೆ

ಬಂದರಿನಲ್ಲಿ ಅವನನ್ನು ಎಲ್ಲರೂ ಬಡಾಯಿ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಒಂದಿತ್ತು. ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಕಡಲು ನೋಡಲು ಬಂದವರನ್ನು ವ್ಯಾನಿನಲ್ಲಿ ತುಂಬಿಕೊಂಡು ಊರು ತೋರಿಸುವುದು ಅವನ ಕಸುಬು. ಬೆಳಿಗ್ಗೆ ದೋಣಿ ಕಟ್ಟುವ ಅಂಗಳ, ಆಮೇಲೆ ಹಗ್ಗ ಹೊಸೆಯುವ ಓಣಿ, ಬಿಸಿಲೇರುವ ಹೊತ್ತಿಗೆ ನದಿ ಪಕ್ಕದ ರಸ್ತೆ ಹಿಡಿದು ಒಳನಾಡಿನ ಕುಂಬಾರಗೇರಿ.

ದೋಣಿಯ ಅಂಗಳದಲ್ಲಿ ಅವನ ಬಾಯಿ ತೆರೆದುಕೊಳ್ಳುತ್ತಿತ್ತು. “ಇಲ್ಲಿ ಕಟ್ಟಿದ ಒಂದು ದೋಣಿ ಎಷ್ಟು ಉದ್ದ ಇತ್ತು ಅಂದ್ರೆ, ಮುಂದಿನ ತುದೀಲಿ ಮಳೆ ಸುರೀತಿದ್ರೆ ಹಿಂದಿನ ತುದಿಯವರು ಬಟ್ಟೆ ಒಣಗಿಸ್ತಿದ್ರು.”

ಬಡಗಿ ಉಳಿಯಿಂದ ತಲೆ ಎತ್ತದೆ, “ಹೋದ ವಾರ ಸ್ವಲ್ಪ ಗಿಡ್ಡ ಇತ್ತಲ್ಲೋ” ಎನ್ನುತ್ತಿದ್ದ.

ಹಗ್ಗದ ಓಣಿಯಲ್ಲಿ ಒಬ್ಬ ಮುದುಕ ಸೊಂಟಕ್ಕೆ ನಾರು ಕಟ್ಟಿಕೊಂಡು, ಹಿಂದಕ್ಕೆ ಹೆಜ್ಜೆ ಹಾಕುತ್ತ ಹೊಸೆಯುತ್ತಿದ್ದ. ಅವನನ್ನು ತೋರಿಸಿ ಬಡಾಯಿ, “ಅಜ್ಜ ಮದುವೆಗೂ ಹಿಂದಕ್ಕೇ ನಡ್ಕೊಂಡು ಹೋದ್ರು. ಹೆಂಡ್ತಿ ಮುಖ ನೋಡಿದ್ದು ವಾಪಸ್ ಬರೋವಾಗ” ಎನ್ನುತ್ತಿದ್ದ. ಮುದುಕನೂ ಸೇರಿ ಎಲ್ಲರೂ ನಗುತ್ತಿದ್ದರು, ಅವನ ಹೆಂಡತಿಯೊಬ್ಬಳನ್ನು ಬಿಟ್ಟು.

ಕುಂಬಾರಗೇರಿ ಅವನು ಹುಟ್ಟಿದ ಜಾಗ. ಅಲ್ಲಿ ಅಕ್ಕ ಇದ್ದಳು. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅಪ್ಪ ಇಬ್ಬರಿಗೂ ತಿಗರಿ ತಿರುಗಿಸಿ ಮಡಕೆ ಮಾಡುವ ಕೆಲಸ ಕಲಿಸಿದ್ದ. ಅಕ್ಕನ ಬೆರಳು ತಾಗಿದರೆ ಮಣ್ಣು ಎದ್ದು ನಿಲ್ಲುತ್ತಿತ್ತು; ತಮ್ಮನ ಕೈ ಕಂಡರೆ ಮಲಗಿಬಿಡುತ್ತಿತ್ತು. ಮಣ್ಣು ಕೇಳದ ಮಾತನ್ನು ಮನುಷ್ಯರಾದರೂ ಕೇಳಲಿ ಎಂದು ಅವನು ಬಂದರಿನ ಪೇಟೆ ಸೇರಿದ.

ಅಪ್ಪನ ಕೊನೆಗಾಲ ಅವನಿಗೆ ಚೆನ್ನಾಗಿ ನೆನಪಿತ್ತು. ಒಂದು ದಿನ ಮಡಕೆಯ ಕಂಠ ಕೈತಪ್ಪಿ ಸೊಟ್ಟಗಾಯಿತು, ಮರುದಿನವೂ ಆಯಿತು. ಅಪ್ಪ ಕೈ ತೊಳೆದು ತಿಗರಿಯಿಂದ ಎದ್ದ. ಯಾರೂ ಏಳು ಎಂದಿರಲಿಲ್ಲ. ಎದ್ದವನು ಗೋಡೆಗೆ ಮುಖ ಮಾಡಿ ಕೂತ. ಮುಂದಿನ ಮಳೆಗಾಲ ಅವನಿಗೆ ಸಿಗಲಿಲ್ಲ.

ಹಾಗಾಗಿ ಅಕ್ಕನ ಕೈ ನಡುಗಲು ಶುರುವಾದಾಗ ಬಡಾಯಿ ಅವಳ ತಿಗರಿಯ ಕಡೆಯೇ ಕಣ್ಣಿಟ್ಟ. ಹೂಜಿಯ ಹೆಗಲ ಮೇಲೆ ನುಣುಪಾಗಿ ಜಾರಬೇಕಾದ ಬೆರಳು ಅದುರುತ್ತ ಸಾಗಿ, ಸುತ್ತ ಸಣ್ಣ ಸಣ್ಣ ಏರಿಳಿತ ಬಿಡುತ್ತಿತ್ತು. ಅಂಥವನ್ನು ಅಕ್ಕ ಸುಡದೆಯೇ ಒಡೆದು ಮತ್ತೆ ಮಣ್ಣಿಗೆ ಹಾಕುತ್ತಿದ್ದಳು. ಒಡೆಯುವುದು ಹೆಚ್ಚಾಗುತ್ತ ಬಂತು.

“ಒಡೀಬೇಡ ಅಕ್ಕ, ನಂಗೆ ಕೊಡು. ಪೇಟೆಯವರು ಗಿಡ ನೆಡ್ತಾರೆ, ಅದಕ್ಕೆ ಹೆಂಗಿದ್ರೂ ನಡೆಯುತ್ತೆ” ಎಂದ ತಮ್ಮ.

“ಗಿಡಕ್ಕೆ ಹೂಜಿ ಯಾಕೋ?”

“ಪೇಟೆಯವರ ಗಿಡಕ್ಕೆ ಬಾಯಾರಿಕೆ ಜಾಸ್ತಿ.”

ಗಿಡಕ್ಕಾದರೆ ತೊಂದರೆ ಇಲ್ಲ ಎಂದು ಅಕ್ಕ ತಿಗರಿಯ ಮುಂದೆಯೇ ಉಳಿದಳು. ಅವನು ಹೂಜಿಗಳನ್ನು ಬಂದರಿನ ಒಂದು ಅಂಗಡಿಯಲ್ಲಿ ಸಾಲಾಗಿ ಇಟ್ಟು, ಕೇಳಿದವರಿಗೆಲ್ಲ ಒಂದೇ ಕಥೆ ಹೇಳಿದ: ಒಳನಾಡಿನಲ್ಲೊಬ್ಬ ಕುಂಬಾರ್ತಿ ಇದ್ದಾಳೆ, ಆಯುಷ್ಯದಲ್ಲಿ ಒಂದೇ ಒಂದು ಸಲ ಕಡಲು ನೋಡಿದವಳು, ಅಂದಿನಿಂದ ಅವಳ ಬೆರಳ ತುದಿಯಲ್ಲಿ ಅಲೆ ಏಳುವುದು ನಿಂತಿಲ್ಲ, ಹೂಜಿಗೆ ಕಿವಿ ಇಟ್ಟರೆ ಉಬ್ಬರ ಇಳಿತ ಕೇಳಿಸುತ್ತದೆ. ಜನ ಕಿವಿ ಇಟ್ಟರು. ಕೇಳಿಸಿತು ಎಂದವರೂ ಇದ್ದರು.

ಅಕ್ಕನಿಗೆ ಒಂದು ಸುಳ್ಳು, ಪೇಟೆಗೆ ಇನ್ನೊಂದು. ನಡುವೆ ಅಷ್ಟುದ್ದದ ರಸ್ತೆ ಇತ್ತು. ಆದರೆ ಆ ರಸ್ತೆಯಲ್ಲಿ ಪೇಟೆಯವರನ್ನು ತುಂಬಿಕೊಂಡು ಬರುತ್ತಿದ್ದವನು ತಾನೇ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ.

ಆ ದಿನ ವ್ಯಾನಿನಿಂದ ಇಳಿದವರಲ್ಲಿ ಒಬ್ಬ ಟೀಚರಮ್ಮ ಇದ್ದರು. ಹಿಂದಿನ ದಿನವಷ್ಟೇ ಅಂಗಡಿಯಲ್ಲಿ ಹೂಜಿ ಕೊಂಡಿದ್ದವರು. ಅಕ್ಕ ತಿಗರಿ ತಿರುಗಿಸಿ ಹೂಜಿ ಎಬ್ಬಿಸುತ್ತಿದ್ದಾಗ ಅವರು ಹತ್ತಿರ ಕೂತು ಕೇಳಿದರು, “ಆ ಅಲೆ ಹೇಗೆ ತರ್ತೀರಮ್ಮ, ತೋರಿಸ್ತೀರಾ?”

“ಯಾವ ಅಲೆ?”

“ಅದೇ, ಈ ಹೆಗಲ ಮೇಲೆ. ನನ್ನ ಹೂಜಿಲಿದೆಯಲ್ಲ. ನಿಮ್ಮ ಕೈಲಿ ಕಡಲಿದೆ ಅಂದ್ರು ಇವ್ರು.”

ಅಕ್ಕ ತಿಗರಿಯ ಮೇಲೆ ಅಂಗೈ ಒತ್ತಿ ನಿಲ್ಲಿಸಿದಳು. ಹಸಿ ಹೂಜಿಯನ್ನು ನೋಡಿದಳು, ತನ್ನ ಬೆರಳು ನೋಡಿದಳು. ಆಮೇಲೆ ತಮ್ಮನನ್ನು. ಚಿಕ್ಕಂದಿನಲ್ಲಿ ಬೆಲ್ಲ ಕದ್ದಾಗಲೂ ಅವಳು ಅವನನ್ನು ಹಾಗೆ ನೋಡಿರಲಿಲ್ಲ.

“ನೀನೇ ಹೇಳಪ್ಪ ಇವರಿಗೆ,” ಎಂದಳು. “ಏನದು ಅಂತ.”

ಬಾಯಿ ತೆರೆದರೆ ಮುಚ್ಚದ ಮನುಷ್ಯ ತಿಗರಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಬಾಗಿಲಲ್ಲಿ ನಿಂತಿದ್ದ ವ್ಯಾನಿನ ಡ್ರೈವರ್ ಬೀಡಿಯನ್ನು ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡ.

“ಅಕ್ಕನ ಕೈ ನಡುಗುತ್ತೆ,” ಎಂದ ಬಡಾಯಿ ಕೊನೆಗೆ. “ಅದು ಅಲೆ ಅಲ್ಲ. ಕೆಲಸ ಬಿಟ್ಟುಬಿಟ್ರೆ ಇವಳೂ ಅಪ್ಪನ ಹಾಗೆ... ಅಂತ ಹೆದರಿ ಹೇಳಿದ್ದು.”

ಟೀಚರಮ್ಮನ ಮುಖ ಕೆಂಪಾಯಿತು. “ಆದ್ರೂ ಚೆನ್ನಾಗಿದೆ ಅಮ್ಮ. ನಿಜವಾಗ್ಲೂ.”

“ಚೆನ್ನಾಗಿರಬಹುದು ತಾಯಿ. ಅದು ನಾನು ಮಾಡಿದ್ದಲ್ಲ, ಆಗಿದ್ದು. ನಾನು ಮಾಡಿದ್ದು ಅಲ್ಲಿದೆ ನೋಡಿ,” ಎಂದು ಅಕ್ಕ ಅಟ್ಟದ ಮೇಲಿನ ಹಳೆಯ ಹೂಜಿಯೊಂದನ್ನು ತೋರಿಸಿದಳು. ಅದರ ಹೆಗಲ ಮೇಲೆ ಬೆಳಕು ಎಲ್ಲೂ ಮುರಿಯದೆ ಇಳಿಯುತ್ತಿತ್ತು. ಆಮೇಲೆ ದಾರ ಎಳೆದು ಹಸಿ ಹೂಜಿಯನ್ನು ತಿಗರಿಯಿಂದ ಕೊಯ್ದು ತೆಗೆದು, ಎರಡೂ ಕೈಯಿಂದ ಒತ್ತಿ ಮುದ್ದೆ ಮಾಡಿ, ಕೈ ತೊಳೆದು ಎದ್ದಳು.



ಬಡಾಯಿ ಮರುದಿನ ಕೆಲಸಕ್ಕೆ ರಜೆ ಹೇಳಿ ಒಬ್ಬನೇ ಬಸ್ಸು ಹಿಡಿದು ಹೋದ. ಅಕ್ಕ ಗೋಡೆಗೆ ಮುಖ ಮಾಡಿ ಕೂತಿರುತ್ತಾಳೆ ಎಂದು ದಾರಿಯುದ್ದಕ್ಕೂ ಅವನಿಗೆ ಕಾಣುತ್ತಲೇ ಇತ್ತು. ಅಂಗಳದಲ್ಲಿ ಪಕ್ಕದ ಮನೆಯ ಸೊಸೆ ತಿಗರಿಯ ಮುಂದೆ ಕೂತಿದ್ದಳು. ಅವಳ ಕೈಯಲ್ಲಿ ಮಣ್ಣು ಅಡ್ಡಡ್ಡ ಕುಣಿಯುತ್ತಿತ್ತು. ಅಕ್ಕ ಅವಳ ಹಿಂದೆ ಮಣೆ ಹಾಕಿಕೊಂಡು ಕೂತು, “ಹೆದರಬೇಡ್ವೇ, ಅದೇನು ಕಚ್ಚಲ್ಲ” ಎನ್ನುತ್ತಿದ್ದಳು. ತಮ್ಮನನ್ನು ಕಂಡವಳು ಮಣೆಯನ್ನು ತಿಗರಿಯ ಕಡೆಗೆ ಇನ್ನಷ್ಟು ಎಳೆದುಕೊಂಡಳು.

ಅವನು ಕಂಬಕ್ಕೊರಗಿ ನಿಂತೇ ಇದ್ದ. ಅಕ್ಕ ಮತ್ತೆ ತಿರುಗಿ ನೋಡಲಿಲ್ಲ, ಕೂರು ಎನ್ನಲೂ ಇಲ್ಲ. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿದ ಮೇಲೆ, ಮೂಲೆಯಲ್ಲಿ ಮಣ್ಣು ನೆನೆಹಾಕಿದ್ದ ಗುಂಡಿಯ ಕಡೆ ಗದ್ದ ತೋರಿಸಿದಳು.

“ಪ್ಯಾಂಟು ಮಡಚಿ ತುಳಿ. ಈ ಹುಡುಗಿಗೆ ನಾಳೆಗೆ ಬೇಕು.”

ಅವನು ಚಪ್ಪಲಿ ಬಿಟ್ಟು ಇಳಿದ. ಮಣ್ಣು ತಣ್ಣಗೆ ಮೀನಖಂಡದವರೆಗೆ ಏರಿತು.

“ಕಾಲಿಗೆ ಕಲ್ಲು ಸಿಕ್ರೆ ಹೇಳು,” ಎಂದಳು ಅಕ್ಕ, ತಿಗರಿಯಿಂದ ಕಣ್ಣು ತೆಗೆಯದೆ. “ಇದ್ರೆ ಇದೆ ಅನ್ನು.”

ಅವನು ತುಳಿಯುತ್ತ ಹೋದ. ಸ್ವಲ್ಪ ಹೊತ್ತಿನ ಮೇಲೆ ನಿಂತು, “ಒಂದಿದೆ ಅಕ್ಕ” ಎಂದ.

“ಎಷ್ಟು ದೊಡ್ಡದು?”

“ಕಡಲೆಕಾಳಿನಷ್ಟು,” ಎಂದು ಬಗ್ಗಿ ಕಲ್ಲು ಹೆಕ್ಕಿದ. ಅದು ಕಡಲೆಕಾಳಿನಷ್ಟೇ ಇತ್ತು.