ಬಿಚ್ಚಿದ ಓಲೆಗರಿ

ಕಾನ್ವೆಂಟಿಗೆ ಹೋಗುವ ಹುಡುಗಿಯರು ಎರಡು ಜಡೆ ಹೆಣೆದು, ಮಡಚಿ, ಕೆಂಪು ರಿಬ್ಬನ್ ಕಟ್ಟಲೇಬೇಕಿದ್ದ ಕಾಲವದು. ಕೊಪ್ಪದಿಂದ ಮದ್ದೂರಿನ ಬಸ್ಸು ಹಿಡಿಯುವ ಮುಂಚೆ ನನ್ನ ಜಡೆ ಹೆಣೆಯುತ್ತಿದ್ದವರು ಅಪ್ಪನ ತಂಗಿ, ಸರೋಜತ್ತೆ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದರು. ಅವರ ಬೆರಳಿಗೆ ಹರಳೆಣ್ಣೆಯ ವಾಸನೆ. ಬಾಯಲ್ಲಿ ಸದಾ ಹುರಿದ ಹುಣಸೆಬೀಜ. ನನಗೂ ಒಂದೆರಡು ಕೊಡುತ್ತಿದ್ದರು.

ಒಂದು ದಿನ ಶಾಲೆಯಲ್ಲಿ ಸಿಸ್ಟರ್ ಹೇಳಿದರು: ಬೈಬಲ್ ಎಂದರೆ ‘ಪುಸ್ತಕಗಳು’ ಎಂದಷ್ಟೇ ಅರ್ಥವಂತೆ. ದೂರದ ಯಾವುದೋ ನದಿಯಂಚಿನ ಜೊಂಡಿನಿಂದ ಹಿಂದೆ ಕಾಗದ ಮಾಡುತ್ತಿದ್ದರಂತೆ, ಆ ಜೊಂಡಿನ ಹೆಸರೇ ಪುಸ್ತಕಕ್ಕೂ ಬಂತಂತೆ. ಸಂಜೆ ನಮ್ಮ ನಾಲೆಯ ಜೊಂಡನ್ನು ನೋಡುತ್ತಾ ಮನೆಗೆ ಬಂದವಳೇ ಕೇಳಿದೆ, “ತಾತ, ನಮ್ ದೇವ್ರ ಪುಸ್ತಕಕ್ಕೆ ಏನಂತಾರೆ?”

ತಾತ ದೇವರಮನೆಯಿಂದ ಓಲೆಗರಿಯ ಕಟ್ಟು ತಂದರು. ಎರಡು ಮರದ ಹಲಗೆ, ನಡುವೆ ಗರಿಗಳು, ಅವುಗಳ ತೂತಿನಲ್ಲಿ ಹಾಯ್ದ ದಾರ, ಹುಳ ಹಿಡಿಯದಂತೆ ಸವರಿದ ಮಜ್ಜಿಗೆಹುಲ್ಲಿನ ಎಣ್ಣೆಯ ಘಾಟು. ಶ್ರಾವಣದ ಸೋಮವಾರಗಳಲ್ಲಿ ದಾರ ಸಡಿಲಿಸಿ ಶಿವನ ಕಥೆ ಓದುತ್ತಿದ್ದರೇ ಹೊರತು, ಎಂದೂ ದಾರವನ್ನು ಪೂರ್ತಿ ಎಳೆದವರಲ್ಲ.

“ಗ್ರಂಥ ಅಂತಾರೆ ಕಣವ್ವ. ಅಂದ್ರೆ ಕಟ್ಟಿದ್ದು, ಗಂಟಾಕಿದ್ದು. ಒಂದೊಂದು ಗರೀಲಿ ಏನದೆ? ಪೋಣ್ಸಿ ಕಟ್ಟುದ್ರೇನೆ ಗ್ರಂಥ.”

“ಬಿಚ್ಚೋದ್ರೆ?”

“ಬರೀ ಗರಿ. ಇದ್ರಲ್ಲಿ ಅಂಕಿಯೆಲ್ಲ ಅಳ್ಸೋಗದೆ. ಯಾವುದಾದ್ಮೇಲೆ ಯಾವುದು ಅನ್ನೋದು ನನ್ ತಲೇಲಿ ಮಾತ್ರ ಇರೋದು.”

“ತಲೇಲದಂತೆ! ಬೆಳಿಗ್ಗೆ ಎಲೆಅಡಿಕೆ ಚೀಲ ಸೊಂಟದಲ್ಲಿಟ್ಕೊಂಡು ಮನೆಯೆಲ್ಲ ಉಡುಕ್ತಿದ್ರು,” ಎಂದರು ಅಜ್ಜಿ ಒಲೆಯ ಮುಂದಿನಿಂದ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದೇ ವಾರ ಕಾವೇರಿ ಗಲಾಟೆ ಎದ್ದಿತು. ಗೆಜ್ಜಲಗೆರೆಯ ಹತ್ತಿರ ಟೈರು ಸುಡುತ್ತಿದ್ದಾರೆ, ಮಂಡ್ಯದ ಕಡೆ ಒಂದು ಗಾಡಿಯೂ ಹೋಗುತ್ತಿಲ್ಲ ಎಂಬ ಸುದ್ದಿ ಬಂದ ಬೆಳಿಗ್ಗೆಯೇ ಅತ್ತೆಗೆ ನೋವು ಶುರುವಾಯಿತು. ಕಾರು ಹುಡುಕಲು ಹೋದ ಅಪ್ಪ ಮಧ್ಯಾಹ್ನವಾದರೂ ಬರಲಿಲ್ಲ. ಸೂಲಗಿತ್ತಿ ಕೋಣೆಯಿಂದ ಹೊರಬಂದು ಅಜ್ಜಿಯ ಮುಖ ನೋಡಿ ತಲೆಯಾಡಿಸಿದಳು. “ಮಗು ಅಡ್ಡ ನಿಂತದೆ ಕಣಮ್ಮ. ನನ್ ಕೈಲಾಗಾಕಿಲ್ಲ.”

ಹೆರಿಗೆ ಕಟ್ಟಿಕೊಂಡರೆ ಮನೆಯಲ್ಲಿ ಒಂದು ಗಂಟೂ ಇರಬಾರದೆಂಬುದು ನಮ್ಮ ಕಡೆಯ ನಂಬಿಕೆ. “ಎಲ್ಲ ಬಿಚ್ರಿ!” ಎಂದು ಅಜ್ಜಿ ಕೂಗಿದರು. ಅಮ್ಮ ದನಗಳ ಹಗ್ಗ ಬಿಚ್ಚಿದರು, ರಾಗಿ ಚೀಲದ ಬಾಯಿ ಬಿಚ್ಚಿದರು, ಬೀರುವಿನ ಬೀಗ ತೆಗೆದರು. ನಾನು ರಿಬ್ಬನ್ ಕಿತ್ತೆಸೆದೆ. ಆ ಬೆಳಿಗ್ಗೆ ನೋವು ತಿನ್ನುತ್ತಲೇ ಅತ್ತೆ ಕಟ್ಟಿದ್ದ ರಿಬ್ಬನ್. ಬಿಡುಗಡೆಯಾದ ಹಸುಗಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಂಗಳದಲ್ಲೇ ನಿಂತಿದ್ದವು. ಒಳಗೆ ಅತ್ತೆಯ ಕೂಗು ಸಣ್ಣದಾಗುತ್ತಿತ್ತು.

ಅಜ್ಜಿ ದೇವರಮನೆಯ ಮುಂದೆ ಬಂದು ನಿಂತು, ತಾತನಿಗೆ ಓಲೆಗರಿಯ ಕಟ್ಟು ತೋರಿಸಿದರು. “ಅದೂ ಗಂಟೇ ಕಣಿ.”

“ಅದು ದೇವ್ರ ಕಥೆ ಕಣಮ್ಮಿ...”

“ನಿಮ್ಗೆ ಕಥೆ ಬೇಕೋ, ಮಗಳು ಬೇಕೋ?”

ತಾತ ದೇವರಮನೆಯೊಳಗೆ ಹೋದರು. ಕಟ್ಟನ್ನು ಎದೆಗೊತ್ತಿಕೊಂಡು ಕೋಣೆಯ ಬಾಗಿಲಲ್ಲಿ ಕುಳಿತರು. ಗಂಟು ಸಡಿಲಿಸಿ, ದಾರದ ತುದಿ ಹಿಡಿದು, ಪೂರ್ತಿ ಎಳೆದುಬಿಟ್ಟರು. ಗರಿಗಳು ಮಡಿಲಿನಿಂದ ಜಾರಿ ನೆಲದ ಮೇಲೆಲ್ಲ ಹರಡಿದವು. “ಸರೋಜ, ಬಿಚ್ಚಿದೀನಿ ಕಣವ್ವ. ಇನ್ನೇನೂ ಉಳ್ದಿಲ್ಲ,” ಎಂದು ಬಾಗಿಲಿಗೆ ಬಾಯಿಟ್ಟು ಹೇಳಿದರು.

ಅಡ್ಡ ನಿಂತಿದ್ದ ಮಗು ಹೇಗೋ ತಿರುಗಿ ಹೊರಬಂತು, ಅತ್ತಿತು. ಗದ್ದೆಬದಿಯ ದಾರಿಗಳಲ್ಲಿ ಸುತ್ತಿಕೊಂಡು ಅಪ್ಪ ವ್ಯಾನು ತರುವ ಹೊತ್ತಿಗೆ ಅತ್ತೆಯ ಕೆಳಗಿನ ಚಾಪೆ ಪೂರಾ ರಕ್ತದಲ್ಲಿ ನೆನೆದಿತ್ತು. ಮಂಡ್ಯ ಮುಟ್ಟುವ ಮೊದಲೇ ಎಲ್ಲ ಮುಗಿಯಿತಂತೆ.

ಮುಂದಿನ ಶ್ರಾವಣದಲ್ಲಿ ಅಮ್ಮ ಗರಿಗಳನ್ನೂ ಹೊಸ ದಾರವನ್ನೂ ತಾತನ ಮುಂದಿಟ್ಟರು. “ಕಟ್ಟಿ ಮಾವ.”

“ಅವಳ ಉಸ್ರಿಗೆ ಅಂತ ಬಿಚ್ಚಿದ್ದು. ಯಾವ ಕೈಲಿ ಕಟ್ಲವ್ವ?” ಎಂದರು ತಾತ. ಕೊನೆಯವರೆಗೂ ಕಟ್ಟಲಿಲ್ಲ. ಅದರ ಕ್ರಮವೂ ಅವರ ಜೊತೆಗೇ ಹೋಯಿತು.

ಆ ಗರಿಗಳು ಈಗ ನನ್ನ ಬೀರುವಿನಲ್ಲಿ, ಹಳೆಯ ಸೀರೆಯೊಂದರಲ್ಲಿವೆ. ವರ್ಷಕ್ಕೊಮ್ಮೆ ಎಣ್ಣೆ ಸವರುತ್ತೇನೆ. ಹೆದ್ದಾರಿ ಅಗಲವಾಗಿದೆ, ಮಂಡ್ಯ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಬರುತ್ತದೆ. ಆ ದಿನ ಹುಟ್ಟಿದ ಮಗು, ಉಷಾ, ಮಳವಳ್ಳಿಯಿಂದ ಬಂದಾಗಲೆಲ್ಲ ಕೇಳುತ್ತಾಳೆ, “ಅಕ್ಕ, ಅಮ್ಮ ಹೆಂಗಿದ್ರು?”

ಹರಳೆಣ್ಣೆಯ ಬೆರಳು ಎನ್ನುತ್ತೇನೆ. ಹುಣಸೆಬೀಜ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು.

“ಆಮೇಲೆ?” ಎನ್ನುತ್ತಾಳೆ.