ಅಮ್ಮನ ಪಕ್ಕದ ಸೀಟು

ಅಮ್ಮ ಕೋಲ್ಕತ್ತಕ್ಕೆ ಬಂದದ್ದು ಒಂದೇ ಸಲ. ಬ್ಯಾಂಕಿನ ಕೆಲಸದಲ್ಲಿ ನನಗೆ ಇಲ್ಲಿಗೆ ವರ್ಗವಾಗಿ ಎರಡು ವರ್ಷ ಕಳೆದಿತ್ತು. ರಜೆಯಲ್ಲಿ ಊರಿಗೆ ಹೋದವನು ಹಿಂದಿರುಗುವಾಗ ಅವಳನ್ನೂ ಹೊರಡಿಸಿದೆ. ಮಂಗಳೂರಿನಿಂದ ಚೆನ್ನೈ, ಅಲ್ಲಿಂದ ಹೌರಾ.

ರೈಲಿನಲ್ಲಿದ್ದಷ್ಟು ಹೊತ್ತೂ ಅವಳು ಸರಿಯಾಗಿ ನೀರು ಕುಡಿಯಲಿಲ್ಲ. ಬಾಟಲಿ ಚಾಚಿದರೆ, “ಈಗ ಬೇಡ” ಎನ್ನುತ್ತಿದ್ದಳು. ಗಂಟೆಗೊಮ್ಮೆ ಕೈಚೀಲ ಹಿಡಿದುಕೊಂಡು ಶೌಚಾಲಯಕ್ಕೆ ಹೋಗಿ ಬಹಳ ಹೊತ್ತು ಒಳಗೇ ಇರುತ್ತಿದ್ದಳು. ಅಮ್ಮನ ಶುಚಿ ನಮ್ಮ ನೆಂಟರಲ್ಲೆಲ್ಲ ಹೆಸರಾಗಿತ್ತು. ಕಾಲು ತೊಳೆಯದೆ ಯಾರೂ ಒಳಗೆ ಬರುವಂತಿರಲಿಲ್ಲ. ರೈಲಿನ ಕೊಳೆ ಅವಳಿಗೆ ಒಗ್ಗುತ್ತಿಲ್ಲ ಎಂದುಕೊಂಡೆ. ಹೌರಾದಲ್ಲಿ ಇಳಿದಾಗ ಅವಳ ತುಟಿ ಒಡೆದಿತ್ತು.

ಬಂದ ಮೂರನೆಯ ದಿನ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು.

“ಅತ್ತೆಗೆ ಎಂತದೋ ತೊಂದರೆ ಉಂಟು. ಬೆಳಗಾಗುವ ಮೊದಲೇ ಎದ್ದು ಬಟ್ಟೆ ಚೂರು ತೊಳೆದು ನೀರಿನ ಟ್ಯಾಂಕಿನ ಹಿಂದೆ ಒಣಗಿಸ್ತಾರೆ. ನಾನು ಕೇಳಿದರೆ ಮಾತು ತಪ್ಪಿಸ್ತಾರೆ. ನೀವೊಮ್ಮೆ ಕೇಳಿ.”

ನಾನು ಕೇಳಲಿಲ್ಲ. ಗಂಡುಮಗ ತಾಯಿಯ ಹತ್ತಿರ ಅಂಥದ್ದನ್ನೆಲ್ಲ ಹೇಗೆ ಕೇಳುವುದು ಎಂದು ನನಗೆ ನಾನೇ ಹೇಳಿಕೊಂಡೆ. ಕೇಳಿದರೆ ಏನಾದರೂ ಮಾಡಬೇಕಾಗುತ್ತದೆ ಎಂಬ ಸೋಮಾರಿತನವೂ ಅದರಲ್ಲಿತ್ತು.

ಆ ಭಾನುವಾರ ಬೆಳಿಗ್ಗೆ ಅಮ್ಮ, ನಾನು ಇಬ್ಬರೇ ಮೆಟ್ರೋ ಹತ್ತಿ ದಕ್ಷಿಣೇಶ್ವರದ ಕಾಳಿ ದೇವಸ್ಥಾನಕ್ಕೆ ಹೊರಟೆವು. ಉದ್ದನೆಯ ಸೀಟಿನಲ್ಲಿ ಅಮ್ಮ, ಅವಳ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಒಬ್ಬಳು ಹೆಂಗಸು. ಅರ್ಧ ದಾರಿಯಲ್ಲಿ ಆ ಹೆಂಗಸು ಮೂಗಿಗೆ ಸೆರಗು ಹಿಡಿದು ಎದ್ದಳು. ಎದುರಿಗಿದ್ದ ಗಂಡನಿಗೆ ಏನೋ ಹೇಳಿದಳು. ಅದರಲ್ಲಿ ‘ಗಂಧೊ’ ಎಂಬ ಮಾತು ಸ್ಪಷ್ಟವಾಗಿ ಕೇಳಿಸಿತು. ಆಗಲೇ ನನ್ನ ಮೂಗಿಗೂ ಅದು ಬಂದಿತ್ತು. ಎದುರು ಸಾಲಿನ ನಾಲ್ಕೈದು ಮಂದಿ ಮೊದಲು ಅಮ್ಮನನ್ನು, ಆಮೇಲೆ ನನ್ನನ್ನು ನೋಡಿದರು.

ನಾನು ಎದ್ದೆ. ಇಳಿಯುವ ನಿಲ್ದಾಣ ಬಂತೇನೋ ಎಂಬಂತೆ ಬಾಗಿಲ ಹತ್ತಿರ ಹೋಗಿ, ಮೇಲೆ ಅಂಟಿಸಿದ್ದ ನಿಲ್ದಾಣಗಳ ಪಟ್ಟಿ ಓದುತ್ತ ನಿಂತೆ. ದಕ್ಷಿಣೇಶ್ವರಕ್ಕೆ ಇನ್ನೂ ಆರೇಳು ನಿಲ್ದಾಣಗಳಿದ್ದವು. ಅಮ್ಮ ಒಮ್ಮೆ ನನ್ನ ಕಡೆ ನೋಡಿ, ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ತಲೆ ತಗ್ಗಿಸಿದಳು. ಡಬ್ಬಿ ತುಂಬ ಜನರಿದ್ದರೂ ಅವಳ ಎರಡೂ ಪಕ್ಕ ಕೊನೆಯವರೆಗೆ ಯಾರೂ ಕೂರಲಿಲ್ಲ.

ಇಳಿದ ಮೇಲೆ ಅವಳು ಕೇಳಿದಳು, “ಇವರ ಭಾಷೆಯಲ್ಲಿ ಗಂಧ ಅಂದ್ರೆ ನಾತವಾ?”

“ವಾಸನೆ. ಯಾವುದೇ ವಾಸನೆ,” ಎಂದೆ.

“ಹೌದಾ.” ಸ್ವಲ್ಪ ದೂರ ನಡೆದು ನಿಂತಳು. “ನಾನು ದೇವಸ್ಥಾನದ ಒಳಗೆ ಬರುದಿಲ್ಲ. ಈ ಮೈಯಲ್ಲಿ ಆಗುದಿಲ್ಲ. ನೀನು ಹೋಗಿ ಬಾ.”

“ಎಂತಾಗಿದೆ ಅಮ್ಮ?”

“ಮೂತ್ರ ನಿಲ್ಲುದಿಲ್ಲ ಮಗ. ಹನ್ನೊಂದು ವರ್ಷ ಆಯ್ತು. ನಿನ್ನ ಅಪ್ಪ ಇದ್ದಾಗ ಅವರಿಗೂ ಹೇಳ್ಲಿಲ್ಲ.”

ಇಷ್ಟನ್ನು ಅವಳು ರಸ್ತೆಯ ಬದಿಯಲ್ಲಿ, ಹೂವಿನ ಅಂಗಡಿಯೊಂದರ ಮುಂದೆ ನಿಂತು ಹೇಳಿದಳು. ಕೈಹಿಡಿದು ನದಿಯ ಸ್ನಾನಘಟ್ಟಕ್ಕೆ ಕರೆದುಕೊಂಡು ಹೋದೆ. ಹೆಂಗಸರು ಮೀಯುವ ಕಡೆಗೆ ನಾನು ಹೋಗುವಂತಿರಲಿಲ್ಲ. ಮೆಟ್ಟಿಲ ಮೇಲೆ ಕೂದಲು ಒರೆಸಿಕೊಳ್ಳುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳನ್ನು ‘ದೀದಿ’ ಎಂದು ಕರೆದು, ಹರಕು ಬಂಗಾಳಿಯಲ್ಲಿ, ತಾಯಿಗೆ ಮೈ ತೊಳೆದುಕೊಳ್ಳಬೇಕಾಗಿದೆ ಎಂದೆ. ಅವಳು ಅಮ್ಮನ ಸೀರೆಯ ಹಿಂಭಾಗ ನೋಡಿದಳು. ಬೇರೇನೂ ಕೇಳದೆ ಅಮ್ಮನ ತೋಳು ಹಿಡಿದು ಇಳಿಸಿಕೊಂಡು ಹೋದಳು.

ನಾನು ಬೆನ್ನು ತಿರುಗಿಸಿ ನಿಂತೆ. ತಂಬಿಗೆಯಿಂದ ನೀರು ಹೊಯ್ಯುವ ಸದ್ದು, ಬಟ್ಟೆ ಕುಕ್ಕುವ ಸದ್ದು ಕೇಳುತ್ತಿತ್ತು. ಅಮ್ಮ ಕನ್ನಡದಲ್ಲಿ ‘ಬೇಡ, ನಾನೇ ಮಾಡ್ತೇನೆ’ ಎನ್ನುತ್ತಿದ್ದಳು, ಆ ಹೆಂಗಸು ಬಂಗಾಳಿಯಲ್ಲಿ ಏನೋ ಗದರುತ್ತಿದ್ದಳು. ಕೈಚೀಲದಲ್ಲಿದ್ದ ಇನ್ನೊಂದು ಸೀರೆ ಉಟ್ಟು ಅಮ್ಮ ಮೇಲೆ ಬಂದಳು. ಹಿಂದೆಯೇ ಆ ಹೆಂಗಸು, ತೊಳೆದು ಹಿಂಡಿದ ಸೀರೆ ಹಿಡಿದುಕೊಂಡು.

“ನನ್ನ ಅತ್ತೆಗೂ ಹೀಗೇ ಇತ್ತು,” ಎಂದಳು ನನ್ನ ಕಡೆ ತಿರುಗಿ, ದೊಡ್ಡ ದನಿಯಲ್ಲೇ. “ಡಾಕ್ಟರಿಗೆ ತೋರಿಸು. ತಡ ಮಾಡಬೇಡ.”

ದರ್ಶನದ ಸಾಲು ಉದ್ದವಿತ್ತು. ಅಷ್ಟು ಹೊತ್ತು ನಿಲ್ಲುವ ಧೈರ್ಯ ಅಮ್ಮನಿಗಿರಲಿಲ್ಲ. ಹೊರಗಿನಿಂದಲೇ ಗೋಪುರಕ್ಕೆ ಕೈಮುಗಿದಳು. ಟ್ಯಾಕ್ಸಿಯಲ್ಲಿ ಮನೆಗೆ ಬಂದೆವು. ದಾರಿಯಲ್ಲಿ, “ಮೆಟ್ರೋದಲ್ಲಿ ನನಗೆ...” ಎಂದು ಶುರುಮಾಡಿದೆ.

“ಸೆಕೆ ಅಲ್ವಾ, ಗಾಳಿಗೆ ಬಾಗಿಲ ಹತ್ತಿರ ನಿಂತಿದ್ದಿ,” ಎಂದಳು. ಎಸಿ ಡಬ್ಬಿಯ ಮುಚ್ಚಿದ ಬಾಗಿಲಲ್ಲಿ ಗಾಳಿ ಎಲ್ಲಿಂದ ಬರಬೇಕು? ನಾನು ಹೌದೆಂದೆ.

ಡಾಕ್ಟರು ಪರೀಕ್ಷಿಸಿ, ಗರ್ಭಕೋಶ ಜಾರಿದೆ, ಅದಕ್ಕೆ ಚಿಕಿತ್ಸೆ ಇದೆ ಎಂದರು. ಆದರೆ ಇಷ್ಟು ವರ್ಷದ ಸೋಂಕು ಮೂತ್ರಪಿಂಡಗಳನ್ನು ತಿಂದಿತ್ತು. “ಮೊದಲೇ ಬಂದಿದ್ದರೆ” ಎಂದು ಹೇಳಿ ಚೀಟಿ ಬರೆಯತೊಡಗಿದರು. ಹೆಂಡತಿ ಅಮ್ಮನ ಕೈ ಹಿಡಿದುಕೊಂಡು ಕೂತಿದ್ದಳು. ಅಮ್ಮ ಮಾತ್ರ, “ಊರಲ್ಲೇ ಮಾಡಿಸುವಾ, ಅಲ್ಲಿ ಭಾಷೆ ಗೊತ್ತಾಗ್ತದೆ” ಎಂದಳು.

ಮಂಗಳೂರಿನಲ್ಲಿ ಆಪರೇಷನ್ ಆಯಿತು. ಸೋರುವುದು ನಿಂತಿತು. ಮೂತ್ರಪಿಂಡಗಳು ಮಾತ್ರ ಚೇತರಿಸಿಕೊಳ್ಳಲಿಲ್ಲ. ಎರಡು ವರ್ಷ ಡಯಾಲಿಸಿಸ್‌ನಲ್ಲಿ ಬದುಕಿದಳು. ಊರಲ್ಲೇ ಇದ್ದ ನನ್ನ ಅಕ್ಕ ನೋಡಿಕೊಂಡಳು, ನಾನು ರಜೆ ಸಿಕ್ಕಾಗ ಹೋಗಿ ಬಂದೆ.

ಕೊನೆಯ ಸಲ ಹೋದಾಗ ಅವಳು ಆಸ್ಪತ್ರೆಯಲ್ಲಿದ್ದಳು. ನೋಡಲು ಬಂದವರಿಗೆಂದು ಕುರ್ಚಿಯನ್ನು ಬಾಗಿಲ ಬಳಿ ಹಾಕಿಸಿದ್ದಳಂತೆ. ಯಾರು ಬಂದರೂ ಅಲ್ಲೇ ಕೂರಬೇಕು. ನಾನು ಅದನ್ನು ಎತ್ತಿ ಮಂಚದ ಹತ್ತಿರ ತಂದೆ.

“ಅಲ್ಲೇ ಕೂತ್ಕೊ ಮಗ. ನಿನಗೆ ಆಗುದಿಲ್ಲ,” ಎಂದಳು.

“ಆಗ್ತದೆ ಅಮ್ಮ.”

ಹತ್ತಿರವೇ ಕೂತೆ. ಅವಳು ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದು ಸುತ್ತ ಒತ್ತಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿದಳು. ನರ್ಸ್ ಬಂದು ಹೊರಡಲು ಹೇಳುವವರೆಗೂ ಹಾಗೆಯೇ ಮಲಗಿದ್ದಳು.