ಹಳದಿ ಪರದೆ ಹೊಲಿಯದ ಕಿಟಕಿಯಕ್ಕ

ಬೆಳಗಿನ ಆರೂಕಾಲು ಗಂಟೆ. ಹೆರಿಗೆ ಆಸ್ಪತ್ರೆಯ ಹೊಸ ವಾರ್ಡಿನಲ್ಲಿ ಇನ್ನೂ ಬಣ್ಣದ ವಾಸನೆ ಹೋಗಿಲ್ಲ. ಮಂಚಗಳು ಬಂದಿವೆ, ಬಾಣಂತಿಯರು ಬರುವುದು ಸೋಮವಾರ. ಏಣಿಯ ಮೇಲೆ ನಿಂತ ಹೆಂಗಸೊಬ್ಬರು ಒಂದು ಕಿಟಕಿಗೆ ಮಾದರಿಗೆಂದು ಬಂದ ಹಳದಿ ಪರದೆ, ಪಕ್ಕದ್ದಕ್ಕೆ ಬಿಳಿ ಪರದೆ ಸಿಕ್ಕಿಸುತ್ತಿದ್ದಾರೆ. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ನನ್ನ ಪ್ರಶ್ನೆಗಳಿಗೆಲ್ಲ "ಹ್ಞೂಂ" ಒಂದೇ ಉತ್ತರ.

ಪರದೆ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಹೊಲಿಯುತ್ತಿರುವ ಇವರನ್ನು ಎಲ್ಲರೂ ಕರೆಯುವುದು ಕಿಟಕಿಯಕ್ಕ ಎಂದೇ. ಈ ವಾರ್ಡಿಗೆ ನಲವತ್ತು ಪರದೆ ಬೇಕು. ಆಸ್ಪತ್ರೆಯ ಬೋರ್ಡು ಹಳದಿ, ಹಾಗಾಗಿ ಪರದೆಯೂ ಹಳದಿಯೇ ಆಗಬೇಕು ಎಂಬುದು ಮ್ಯಾನೇಜರ್ ಸಾಹೇಬರ ಅಪ್ಪಣೆ. ಅಕ್ಕ ಜಪ್ಪಯ್ಯ ಎಂದರೂ ಒಪ್ಪುತ್ತಿಲ್ಲ. ಹೊಲಿ, ಇಲ್ಲವೇ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಅಂಗಡಿ ಯಜಮಾನರು ನಿನ್ನೆಯೇ ಹೇಳಿಯಾಗಿದೆ. ಇವತ್ತು ಎರಡರಲ್ಲಿ ಒಂದು ತೀರ್ಮಾನವಾಗಬೇಕು.

ಅಕ್ಕನ ರೀತಿಯೇ ಬೇರೆ. ಒಂದು ಕೋಣೆಗೆ ಪರದೆ ಹೊಲಿಯಬೇಕಾದರೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ ಹೋಗಿ ಕೂರುತ್ತಾರೆ. ಚೀಲದಲ್ಲಿ ಹತ್ತಾರು ಬಟ್ಟೆ ತುಂಡು, ಜೊತೆಗೊಂದು ಬಿಳಿ ಪಿಂಗಾಣಿ ತಟ್ಟೆ. ತಟ್ಟೆಯನ್ನು ನೆಲದ ಮೇಲಿಟ್ಟು, ಕಿಟಕಿಗೆ ಬಟ್ಟೆ ಹಿಡಿಯುತ್ತಾರೆ. "ಎಲ್ರೂ ಬಟ್ಟೆ ನೋಡ್ತಾರೆ. ನಾನು ತಟ್ಟೆ ನೋಡ್ತೀನಿ. ತಟ್ಟೆ ಬಣ್ಣ ಏನಾಯ್ತೋ ಮನೆಯೋರ ಮುಖದ ಬಣ್ಣಾನೂ ಅದೇ ಆಗುತ್ತೆ."

ಪಶ್ಚಿಮದ ಕೋಣೆಗೆ ಒಳಪದರ ಕೊಟ್ಟ ದಪ್ಪ ಬಟ್ಟೆ, ಉತ್ತರದ್ದಕ್ಕೆ ತೆಳು ಹತ್ತಿ. ಹೋಟೆಲಿನಲ್ಲಿ ಕಂಡದ್ದೇ ಬೇಕೆಂದು ಉತ್ತರದ ಕೋಣೆಗೆ ಕಡುನೀಲಿ ಮಖಮಲ್ಲು ಕೇಳಿದ ಗಿರಾಕಿಗೆ ಅಕ್ಕ, "ಹಾಡಹಗಲೇ ದೀಪ ಹಾಕ್ಕೊಂಡು ಕೂರ್ತೀರಾ?" ಅಂದರಂತೆ. ಅವರು ಮುಖ ಊದಿಸಿಕೊಂಡು ಬೇರೆ ಅಂಗಡಿಗೆ ಹೋದರು. ಎರಡು ತಿಂಗಳಿಗೆ, ಮಖಮಲ್ಲನ್ನು ಸೋಫಾಕ್ಕೆ ಹಾಕಲು ಬರುತ್ತದೆಯೇ ಎಂದು ಕೇಳಿಕೊಂಡು ವಾಪಸು ಬಂದರು.

ಆದರೆ ಹಳದಿ ಬೇಡವೆಂಬ ಹಟ ಅಂಗಡಿಯಲ್ಲಿ ಕಲಿತದ್ದಲ್ಲ. ಒಂಬತ್ತು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ಅಕ್ಕ ಪೂರ್ವದ ಕೋಣೆಗೆ ತಾವೇ ಹಳದಿ ಪರದೆ ಹೊಲಿದರು, ಅಂಚಿಗೆ ಲೇಸು ಸಮೇತ. ಮೂರನೇ ದಿನ ಮಗು ಹಳದಿಯಾಗಿ ಕಂಡಿತು. "ಮಗಳು ಕೇಳಿದ್ಲು, ಅಮ್ಮಾ, ಯಾಕೋ ಹಳದಿ ಕಾಣ್ತಾಳೆ ಅಂತ. ಪರದೆ ಬೆಳಕು ಕಣೇ, ಸುಮ್ನಿರು ಅಂದೆ. ಎರಡು ದಿನ ಹಾಗೇ ಅಂದೆ. ನನ್ನ ಬಾಯಿಂದಾನೇ." ಐದನೇ ದಿನ ಪಕ್ಕದ ಮನೆಯಾಕೆ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು, ಬಿಸಿಲಿಗೆ ಬಂದರೂ ಮಗು ಹಳದಿಯೇ. ಆಸ್ಪತ್ರೆಯಲ್ಲಿ ಒಂದು ವಾರವಿದ್ದು ಮೊಮ್ಮಗಳು ಉಳಿದುಕೊಂಡಳು. ಅಂದು ಅಡುಗೆಮನೆಯಿಂದ ಚೀಲ ಸೇರಿದ ತಟ್ಟೆ ಇಂದಿಗೂ ಅಲ್ಲೇ ಇದೆ.

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಳದಿ ಕೋಣೇಲಿ ಕಾಮಾಲೆಯೇ ಕಾಣಲ್ಲ" ಎನ್ನುತ್ತ ಅಕ್ಕ ಏಣಿ ಇಳಿಯುತ್ತಾರೆ.

ಏಳಕ್ಕೆ ಮ್ಯಾನೇಜರ್ ಬರುತ್ತಾರೆ, ಹಿಂದೆಯೇ ಹಿರಿಯ ನರ್ಸಮ್ಮ. ಬಿಳಿ ಪರದೆ ನೋಡಿದ್ದೇ ಮ್ಯಾನೇಜರರ ಪಿತ್ತ ನೆತ್ತಿಗೇರುತ್ತದೆ. "ಹೊಲಿಯೋದಷ್ಟೇ ನಿಮ್ಮ ಕೆಲಸ. ಬಣ್ಣ ನಾವು ನೋಡ್ಕೋತೀವಿ." ನನಗೇ ಸಿಟ್ಟು ಬರುತ್ತದೆ, ಅಕ್ಕನಿಗೆ ಬರುವುದಿಲ್ಲ.

"ಕಣ್ಣು ಮುಚ್ಚಿ ಹೊಲಿದ್ರೆ ಬೆರಳಿಗೆ ಚುಚ್ಚುತ್ತೆ ಸಾರ್. ಸ್ವಲ್ಪ ಅಂಗೈ ಚಾಚಿ."

ಅದೇನು ತೋಚಿತೋ, ಅವರು ಚಾಚುತ್ತಾರೆ. ಹಳದಿ ಪರದೆಯಿಂದ ಬಿಸಿಲು ಸುರಿಯುತ್ತದೆ. ಅಂಗೈ, ಉಗುರು, ಅಂಗಿಯ ತೋಳು ಎಲ್ಲ ಹಳದಿ. ಅಕ್ಕ ಅವರನ್ನು ಎರಡು ಹೆಜ್ಜೆ ಬಿಳಿ ಪರದೆಯತ್ತ ಕರೆಯುತ್ತಾರೆ. ಕೈ ಮತ್ತೆ ಕೈಯ ಬಣ್ಣಕ್ಕೆ ಬರುತ್ತದೆ. ನರ್ಸಮ್ಮ ತಾವೂ ಎರಡೂ ಕಡೆ ಕೈಯಿಟ್ಟು ನೋಡುತ್ತಾರೆ.

"ನಿಮ್ಮ ಅಂಗಡಿ ಯಜಮಾನರ ಹತ್ರ ಮಾತಾಡ್ತೀನಿ" ಎಂದು ಮ್ಯಾನೇಜರ್ ಬಾಗಿಲತ್ತ ನಡೆಯುತ್ತಾರೆ. ಮ್ಯಾನೇಜರರ ಕಿವಿಗೂ ಬೀಳುವಂತೆಯೇ ನರ್ಸಮ್ಮ ಕೇಳುತ್ತಾರೆ: "ಅಕ್ಕ, ಬಿಳೀದು ಇನ್ನು ಮೂವತ್ತೊಂಬತ್ತು. ಸೋಮವಾರದೊಳಗೆ ಆಗುತ್ತಾ?" ಮ್ಯಾನೇಜರ್ ಹೊಸಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಬೇಡ ಎನ್ನುವುದಿಲ್ಲ. ಬೇಕು ಎಂದೂ ಹೇಳದೆ ಹೋಗುತ್ತಾರೆ.

ಅಕ್ಕ ಹಳದಿ ಪರದೆ ಇಳಿಸಿ ನಾಲ್ಕು ಮಡಿಕೆ ಮಾಡುತ್ತಾರೆ. ಯಜಮಾನರು ನಿಜವಾಗಿಯೂ ಕೆಲಸದಿಂದ ತೆಗೆದರೆ ಎಂದು ಕೇಳುತ್ತೇನೆ.

"ತೆಗೀಲಿ. ಮನೇಲಿ ಮಷಿನ್ ಇದೆ, ಊರಲ್ಲಿ ಕಿಟಕಿಗಳಿವೆ." ಮುಂದಿನ ಕಿಟಕಿಗೆ ಅಳತೆ ಪಟ್ಟಿ ಹಿಡಿದು, ಸೂಜಿಗಳನ್ನು ಮತ್ತೆ ಬಾಯಿಗಿಡುವ ಮುಂಚೆ ಇಷ್ಟು ಹೇಳುತ್ತಾರೆ: "ಇಲ್ಲಿ ಮಲಗೋ ತಾಯಿ, ಮಗು ಹಳದಿ ಕಾಣ್ತಿದೆ ಅಂದಾಗ, ಪರದೆ ಬೆಳಕು ಕಣೇ ಅಂತ ಯಾರೂ ಅವಳ ಬಾಯಿ ಮುಚ್ಚಿಸಬಾರದು. ನಾನು ಮುಚ್ಚಿಸಿದ್ದೇ ಸಾಕು."